ಇಜ್ಯೂಮಿನ ಜಾಡಿ

...ಹಾಗಂತ ಸಂಜೆ ತನಕ ಮಡಿಲಲ್ಲೇ ಇಟ್ಕೊಂಡು ಕೂತಿರ್ತೀಯಾ? ಮೇಜಿನ ಮೇಲಾದ್ರೂ ಇಡು ಝಾನ್ನಾ. ನಾನೇನು ಕಿತ್ಕೊಂಡು ಓಡಿಹೋಗಲ್ಲ. ಎಪ್ಪತ್ತು ದಾಟಿದೆ, ಮಂಡಿ ಕೇಳಲ್ಲ, ಈ ಕ್ಲಬ್ಬಿನ ಮೆಟ್ಟಿಲಲ್ಲಿ ನಾನು ಓಡೋದುಂಟಾ. ಇಡು. ಹಾಂ... ಕೈ ತೆಗೀಬೇಡ, ಬೇಡ ಬಿಡು. ಹಿಡ್ಕೊಂಡೇ ಇರು, ಕೂಸನ್ನ ಹಿಡ್ಕೊಂಡ ಹಾಗೆ.

ನಾನು ಕೇಳಿದ್ದಾದ್ರೂ ಏನು? ಒಂದು ಜಾಡಿ. ಚೆರ್ರಿ ಹಣ್ಣಿನ ಪಾಕ. ತಿನ್ನೋಕೆ ಕೇಳಿದ್ನಾ? ಆ ಗಾಜಿನ ಪೆಟ್ಟಿಗೇಲಿ ಇಡೋಕೆ ಕೇಳಿದೆ. ಭಾನುವಾರ ಮೇಯರ್ ಬರ್ತಾರೆ, ರಿಬ್ಬನ್ ಕತ್ತರಿಸ್ತಾರೆ. ಕೆಳಗಡೆ ಅಡುಗೆಮನೇಲಿ ಆಲೂಗಡ್ಡೆ ತುಂಬಿದ ವರೆನಿಕಿ ಕಡುಬು ಬುಟ್ಟಿಗಟ್ಟಲೆ ಆಗ್ತಿದೆ. ತಿಂದು, ಕುಡಿದು, ಮೇಲೆ ನಮ್ಮ ಮ್ಯೂಸಿಯಮ್ಮಿಗೆ ಬಂದು ನೋಡಿದ್ರೆ ಏನಿದೆ? ‘ಯುದ್ಧ ಮತ್ತು ನಾವು’ ಅಂತ ದೊಡ್ಡ ಅಕ್ಷರದ ಬೋರ್ಡು. ಒಳಗೆ ಗಾಳಿ. ಮುಚ್ಚಿಹೋದ ಆಭರಣದ ಅಂಗಡಿಯಿಂದ ಆ ಪೆಟ್ಟಿಗೆ ಹೊರಿಸ್ಕೊಂಡು ಬರೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯ್ತು. ಈಗ ಅದು ನನ್ನ ನೋಡಿ ಬಾಯಿ ತೆರ್ಕೊಂಡು ಕೂತಿದೆ.

ಯಾಕೆ ನಗ್ತಿದೀಯ?

ಓ. ಪೆಟ್ಟಿಗೆಗೆ ನಾನು ಅಂದ ಪದಕ್ಕಾ. ನಿಮ್ಮೂರಲ್ಲಿ ಹಾಗೆ ಅನ್ನಲ್ಲ. ಗೊತ್ತು, ಗೊತ್ತು. ನೀನು ಬಂದ ಹೊಸದರಲ್ಲಿ ನಮ್ಮ ಕ್ಲಬ್ಬಿನ ಅಧ್ಯಕ್ಷ ಸೆವೆರಿನ್ ಹತ್ರ ಏನಂದ್ಯಂತೆ, ಅದೂ ನನ್ನ ಕಿವಿಗೆ ಬಿತ್ತು. ‘ನಿಮ್ಮ ಮ್ಯೂಸಿಯಮ್ಮಲ್ಲಿ ಎಲ್ಲಕ್ಕಿಂತ ಹಳೇ ವಸ್ತು ಅಂದ್ರೆ ರೋಮಾನಾ ಮೇಡಂ ಅವರ ಭಾಷೆ’ ಅಂತ. ಅವನು ಅದನ್ನ ಬಾರಿನ ತುಂಬಾ ಹೇಳ್ಕೊಂಡು ನಕ್ಕ. ನಗಲಿ. ಇದು ಟೆರ್ನೋಪಿಲ್ ಕಡೆ ಮಾತು, ತಿಳೀತಾ. ಗೊತ್ತಲ್ಲ, ನಮ್ಮ ನಾಡಿನ ಪಶ್ಚಿಮದ್ದು. ನಮ್ಮಮ್ಮ ಗಿರಣೀಲಿ ಇಡೀ ದಿನ ಉಣ್ಣೆ ನೂತು ಬಂದು, ಅಡುಗೆಮನೇಲಿ ನನಗೆ ಒಂದೊಂದು ಪದ ಕಲಿಸಿದ್ಲು. ಇಂಗ್ಲೆಂಡಲ್ಲಿ ಹುಟ್ಟಿದ ಹುಡುಗಿ ನಾನು, ಯಾರ್ಕ್‌ಷೈರಿನ ಮಳೇಲಿ ಬೆಳೆದೋಳು. ಆದ್ರೂ ಒಂದಕ್ಷರ ಆಚೆ ಈಚೆ ಆಗದ ಹಾಗೆ ಉಳಿಸ್ಕೊಂಡಿದೀನಿ. ನೀವು ಪೂರ್ವದೋರು ಏನು ಮಾಡಿದ್ರಿ? ಅರ್ಧ ಹಾಲಿಗೆ ಅರ್ಧ ನೀರು ಬೆರೆಸಿದ ಹಾಗೆ, ಒಂದು ಮಾತು ನಮ್ಮದು, ಒಂದು ಮಾತು ರಷ್ಯನ್ನು. ಆಮೇಲೆ ನಮ್ಮನ್ನ ನೋಡಿ ನಗೋದು.

ಮುಖ ಊದಿಸ್ಕೋಬೇಡ. ತಮಾಷೆಗಂದೆ. ಸರಿ, ಪೂರ್ತಿ ತಮಾಷೆಗಲ್ಲ.

ನನಗೆ ಸಾಕಾಗಿದೆ ಮಗಳೇ. ಯಾರ ಮುಂದೆ ಹೇಳ್ಕೊಳ್ಳಲಿ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಈ ಎರಡು ಕೋಣೆ ಉಳಿಸ್ಕೊಳ್ಳೋಕೆ ಎಷ್ಟು ಜನರ ಜೊತೆ ಜಗಳ ಆಡಿದೀನಿ ಗೊತ್ತಾ? ಒಬ್ಬ ಬಂದು ಬಿಲಿಯರ್ಡ್ಸ್ ಮೇಜು ಹಾಕೋಣ ಅಂತಾನೆ. ಇನ್ನೊಬ್ಬ ಮುರಿದ ಕುರ್ಚಿ ತಂದು ಮಗ್ಗದ ಮೇಲೆ ಪೇರಿಸ್ತಾನೆ. ಮಕ್ಕಳು ಈಸ್ಟರ್ ಬಂದಾಗ ಮೊಟ್ಟೆ ಮೇಲೆ ಮೇಣದಿಂದ ಚಿತ್ತಾರ ಬರೆಯೋಕೆ ಬರ್ತಾರೆ, ನೆಲದ ತುಂಬಾ ಮೇಣ ಚೆಲ್ಲಿ ಹೋಗ್ತಾರೆ, ಮತ್ತೆ ಮುಂದಿನ ಈಸ್ಟರಿಗೇ ಅವರ ಮುಖ ಕಾಣೋದು. ಕಸೂತಿ ಅಂಗಿ ಹಾಕಿ ನಿಲ್ಲಿಸಿದೀನಲ್ಲ, ಆ ಬಟ್ಟೆ ಅಂಗಡಿ ಗೊಂಬೆ, ಅದರ ಉಗುರಿಗೆ ಗುಲಾಬಿ ಬಣ್ಣ. ಎಷ್ಟು ಉಜ್ಜಿದ್ರೂ ಹೋಗಲ್ಲ. ಹಳ್ಳಿ ಹೆಂಗಸು ಅಂತ ಚೀಟಿ ಬರೆದು ಕೈ ಹಿಂದೆ ಕಟ್ಟಿ ನಿಲ್ಲಿಸಿದೀನಿ, ಕಳ್ಳೀನ ಹಿಡಿದು ನಿಲ್ಲಿಸಿದ ಹಾಗಿದೆ. ಬಂದೋರು ಏನು ಕೇಳ್ತಾರೆ? ‘ಇದೆಲ್ಲ ರಷ್ಯಾದ್ದಾ?’ ಈಗ ಟೀವೀಲಿ ಯುದ್ಧ ನೋಡಿ ನೋಡಿ ಕೇಳೋದು ಬಿಟ್ಟಿದಾರೆ. ಈಗ ನನ್ನ ತೋಳು ಸವರಿ ‘ಅಯ್ಯೋ ಪಾಪ’ ಅಂತಾರೆ. ಅದಕ್ಕಿಂತ ಮೊದಲಿನದೇ ವಾಸಿ ಇತ್ತು. ಆಗ ಬಯ್ಯಬಹುದಿತ್ತು.

ಮತ್ತೆ ನಮ್ಮ ಜನ. ನಮ್ಮ ಜನಾನೇ ನೋಡು. ಅಟ್ಟದ ಮೇಲೆ ಏನೇನು ಬಚ್ಚಿಟ್ಕೊಂಡಿದಾರೋ ದೇವರೇ ಬಲ್ಲ. ಕೊಡಿ ಅಂದ್ರೆ, ‘ಅದು ನಮ್ಮಜ್ಜಿದು, ನಾವು ಇಟ್ಕೋತೀವಿ.’ ಇಟ್ಕೊಳ್ಳಿ ಸ್ವಾಮಿ. ನಾಳೆ ನೀವು ಕಣ್ಣು ಮುಚ್ಚಿದ ಮೇಲೆ ನಿಮ್ಮ ಮೊಮ್ಮಕ್ಕಳು ಕಪ್ಪು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕ್ತಾರೆ. ನಾನೇ ಹೋಗಿ ತಂದಿದೀನಿ, ಮಳೇಲಿ ರಸ್ತೆ ಬದಿ ಬಿದ್ದಿದ್ದ ಕಂಬಳೀನ. ಕೈಯಿಂದ ನೇಯ್ದಿದ್ದು, ಯಾರೋ ಪುಣ್ಯಾತ್ಗಿತ್ತಿ ಬೆನ್ನ ಮೇಲೆ ಹೊತ್ತು ಮೂರು ದೇಶ ದಾಟಿಸಿದ್ದು. ಅದರ ಪಕ್ಕ ಒಡೆದ ಕಮೋಡು.

ಕೊಡೋದು ಅಂದ್ರೆ ಹೇಗೆ ಅಂತ ನಾನು ತೋರಿಸ್ಲಿಲ್ವಾ? ಅಲ್ಲಿ ನೋಡು, ಕಿಟಕಿ ಪಕ್ಕದ ಪೆಟ್ಟಿಗೇಲಿ. ನಮ್ಮಮ್ಮ, ಪೆಲಾಹಿಯಾ ಅಂತ ಅವಳ ಹೆಸರು, ಊರು ಬಿಟ್ಟಾಗ ಹಾಕ್ಕೊಂಡಿದ್ದ ಉಣ್ಣೆ ಕೋಟು. ನಮ್ಮಜ್ಜಿ ಹೊಲಿದಿದ್ದು. ಮೇಲೆ ಅಮ್ಮನ ಹೂವಿನ ಶಾಲು. ಅವಳು ತೀರ್ಕೊಂಡ ವಾರವೇ ತಂದು ನೇತುಹಾಕ್ದೆ. ಕೋಟಿನಲ್ಲಿ ಇನ್ನೂ ಅವಳ ಮೈ ವಾಸನೆ ಇತ್ತು ಝಾನ್ನಾ. ಬಾಗಿಲು ಹಾಕಿ ಬೀಗ ತಿರುಗಿಸಿದ್ರೆ, ವಾಸನೆ ಒಳಗಡೆ, ನಾನು ಹೊರಗಡೆ. ಆದ್ರೂ ಕೊಟ್ಟೆ. ಮುಚ್ಚಿಟ್ಕೊಂಡ್ನಾ?

ಏನು?... ಇಲ್ಲ, ಕೇಳಿಸ್ಲಿಲ್ಲ. ಸರಿ, ಏನೂ ಅನ್ನಲಿಲ್ಲ ಅಂದ್ರೆ ಬಿಡು.

ಸೆವೆರಿನ್‌ಗೆ ಏನೂ ಅನ್ನಿಸಲ್ಲ. ಅವನು ಹೋಗಿ ಒಂದು ಹೆಲ್ಮೆಟ್ ತರಿಸಿದಾನೆ, ಸೈನಿಕರದು. ಎಲ್ಲಿಂದ ಅಂದ್ರೆ, ಕಂಪ್ಯೂಟರಲ್ಲಿ ಆರ್ಡರ್ ಮಾಡಿ. ಇನ್ನೂ ಪ್ಲಾಸ್ಟಿಕ್ ಕವರ್ ಬಿಚ್ಚಿಲ್ಲ. ‘ಇದನ್ನೇ ಇಡು ರೋಮಾನಾ, ಯಾರಿಗೆ ಗೊತ್ತಾಗುತ್ತೆ’ ಅಂತಾನೆ. ನನಗೆ ಗೊತ್ತಾಗುತ್ತಲ್ಲಪ್ಪಾ. ಅದನ್ನ ಹಾಕ್ಕೊಂಡು ಯಾರೂ ಹೆದರಿಲ್ಲ. ಯಾರೂ ಬೆವರಿಲ್ಲ. ನಾನು ಮೀಟಿಂಗಲ್ಲಿ ಎದ್ದು ನಿಂತು ಹೇಳ್ದೆ, ಇಲ್ಲಿ ಸುಳ್ಳು ಸಾಮಾನಿಗೆ ಜಾಗ ಇಲ್ಲ, ನಾನು ಬದುಕಿರೋ ತನಕ ಇಲ್ಲ ಅಂತ. ಆಮೇಲೆ ಸೆವೆರಿನ್ ಕೇಳ್ದ, ‘ಸರಿ, ಹಾಗಾದ್ರೆ ನಿಜವಾದ್ದು ಎಲ್ಲಿದೆ?’

ಆಗ ನಿನ್ನ ಜಾಡಿ ಹೆಸರು ಬಾಯಿಗೆ ಬಂತು. ಬಂದುಬಿಡ್ತು. ತಪ್ಪಾ?

ಗೊತ್ತು, ನಿನ್ನ ಕೇಳದೆ ಹೇಳಬಾರದಿತ್ತು. ಆದ್ರೆ ನೀನೇ ಯೋಚನೆ ಮಾಡು. ನೀನಿರೋ ಮನೆ ಆ ಇಂಗ್ಲಿಷ್ ಹೆಂಗಸಿನದು. ಒಳ್ಳೇವಳೇ, ಇಲ್ಲ ಅನ್ನಲ್ಲ, ಆದ್ರೆ ಒಂದು ದಿನ ಫ್ರಿಡ್ಜ್ ತೊಳೀತಾ, ‘ಇದೇನಪ್ಪಾ ಹಳೇದು’ ಅಂತ ಎಸೆದ್ರೆ? ನಿನ್ನ ಮಗ ಹಸಿವಾಯ್ತು ಅಂತ ತೆರೆದ್ರೆ? ಮುಚ್ಚಳ ಆಗಲೇ ತುಕ್ಕು ಹಿಡೀತಿದೆ ನೋಡು, ಅಂಚಲ್ಲಿ. ಇಲ್ಲಾದ್ರೆ ಬಿಸಿಲು ಬೀಳಲ್ಲ, ಯಾರೂ ಮುಟ್ಟಲ್ಲ. ನೀನು ಯಾವಾಗ ಬೇಕಾದ್ರೂ ಬಂದು ನೋಡಬಹುದು. ಮಂಗಳವಾರ ಹೇಗೂ ಧೂಳು ಹೊಡೆಯೋಕೆ ಬರ್ತೀಯಲ್ಲ.

ಆ ಕಥೆ ಹೇಳಿದ್ದೂ ನೀನೇ. ನಾನು ಕೆದಕಿ ಕೇಳಿದ್ದಲ್ಲ. ಬಾಂಬು ಬೀಳೋವಾಗ ನೆಲಮಾಳಿಗೇಲಿದ್ರಿ. ಜಾಡಿಗಳನ್ನ ಒಂದೊಂದಾಗಿ ತೆಗೆದ್ರಿ. ಮೊದಲು ಸೌತೆಕಾಯಿ, ಆಮೇಲೆ ಟೊಮೇಟೊ, ಆಮೇಲೆ ಸಿಹಿ. ಇದೊಂದನ್ನ ಮಾತ್ರ ನಿಮ್ಮಮ್ಮ ತಮಾರಾ ಗೋಡೆ ಕಡೆ ತಿರುಗಿಸಿಟ್ಟು, ‘ಇದು ನಾವೆಲ್ಲ ಮೇಲೆ ಮನೆಗೆ ಹೋದ ಮೇಲೆ ತಿನ್ನೋಕೆ’ ಅಂದಿದ್ದು. ಆಮೇಲೆ ನೀರು ತರೋಕೆ ಅಂತ ಮೇಲೆ ಹೋದೋಳು...

ಸರಿ. ಸರಿ, ಬೇಡ. ಅಲ್ಲಿಗೇ ನಿಲ್ಲಿಸ್ತೀನಿ.

ನೋಡು, ಚೀಟಿ ಬರೆದಿಟ್ಟಿದೀನಿ. ನಿನಗೆ ಒಪ್ಪಿಗೆ ಆಗೋ ಹಾಗೆ ಗೌರವವಾಗಿ ಬರೆದಿದೀನಿ. ಓದ್ತೀನಿ ಕೇಳು. ‘ಚೆರ್ರಿ ಪಾಕದ ಜಾಡಿ. ಇಜ್ಯೂಮ್ ನಗರ, ಹಾರ್ಕಿವ್ ಪ್ರಾಂತ್ಯ. ಯುದ್ಧದಲ್ಲಿ ಬಲಿಯಾದ ದಿವಂಗತ ತಮಾರಾ ಅವರು ತಯಾರಿಸಿದ್ದು. ಅವರ ಮಗಳು, ನಿರಾಶ್ರಿತೆ ಝಾನ್ನಾ ಅವರ ಕೊಡುಗೆ.’

ಯಾಕೆ ತಲೆ ಅಲ್ಲಾಡಿಸ್ತೀಯ? ಏನು ತಪ್ಪಿದೆ? ಅಕ್ಷರ ತಪ್ಪಾ?

‘ದಿವಂಗತ’... ಬೇಡ್ವಾ. ಆದ್ರೆ ಅವರು... ಸರಿ, ಹೊಡೆದು ಹಾಕ್ದೆ. ನೋಡು, ಗೀಟು ಎಳೆದೆ. ‘ಯುದ್ಧದಲ್ಲಿ ಬಲಿಯಾದ ತಮಾರಾ.’ ಈಗ? ಅದೂ ಬೇಡ್ವಾ? ಬಲಿಯಾದ ಅನ್ನದೆ ಇನ್ನೇನು ಅನ್ನಲಿ, ಮೇಯರ್‌ಗೆ ಹೇಗೆ ಗೊತ್ತಾಗ್ಬೇಕು? ಸರಿಯಮ್ಮಾ, ತೆಗೆದೆ. ‘ನಿರಾಶ್ರಿತೆ’? ಹೂಂ, ಅದನ್ನ ನನಗೂ ಬರೆಯೋವಾಗ ಕೈ ತಡೀತು, ನಿಜ ಹೇಳ್ಬೇಕಂದ್ರೆ. ನಮ್ಮಮ್ಮನ್ನ ಹಾಗೆ ಅಂದ್ರೆ ಚಪ್ಪಲಿ ತಗೋತಿದ್ಲು. ತೆಗೆದೆ. ‘ಕೊಡುಗೆ.’ ಕೊಡುಗೇನೂ ಬೇಡ ಅಂದ್ರೆ? ಕೊಡ್ತಿಲ್ಲ ಅಂತ ತಾನೆ ಅರ್ಥ?

ಈಗ ಉಳಿದಿದ್ದು ಏನು ಗೊತ್ತಾ. ‘ಚೆರ್ರಿ. ಇಜ್ಯೂಮ್. ತಮಾರಾ ಮಾಡಿದ್ದು.’ ಇದು ಮ್ಯೂಸಿಯಂ ಚೀಟಿಯಲ್ಲ, ಅಡುಗೆಮನೆ ಡಬ್ಬಿ ಮೇಲೆ ಅಂಟಿಸೋ ಚೀಟಿ.

ನಗಬೇಡ. ನನಗೂ ನಗು ಬರುತ್ತೆ, ಬಂದ್ರೆ ಕೋಪ ಇಳಿದುಹೋಗುತ್ತೆ, ನನಗೆ ಕೋಪ ಬೇಕು. ಕೋಪ ಇಲ್ದೆ ಈ ಕೋಣೆ ನಡೆಯಲ್ಲ.

ನಿಂಗೆ ಅರ್ಥ ಆಗ್ತಿಲ್ಲ ಝಾನ್ನಾ. ವಸ್ತು ಅಂದ್ರೆ ಬರೀ ವಸ್ತುವಲ್ಲ. ಯಾರದು, ಎಲ್ಲಿಂದ ಬಂತು, ಯಾಕೆ ಬಂತು, ಅದು ಬರೀಬೇಕು. ಸ್ಪಷ್ಟವಾಗಿ, ಸತ್ಯವಾಗಿ. ಇಲ್ದಿದ್ರೆ ಇದು ಗುಜರಿ ಅಂಗಡಿ. ನಾಳೆ ನಾವಿಲ್ಲದಾಗ ಯಾರಾದ್ರೂ ಬಂದು ನೋಡಿದ್ರೆ ಆ ಚೀಟಿ ಒಂದೇ ಮಾತಾಡೋದು. ಚೀಟಿ ಸುಳ್ಳು ಹೇಳಬಾರದು. ಚೀಟಿ ಏನನ್ನೂ ಮುಚ್ಚಿಡಬಾರದು. ನಾನು ಇಷ್ಟು ವರ್ಷ...

ಎಲ್ಲಿಗೆ ಎದ್ದೆ? ಬಟ್ಟೆ ಯಾಕೆ ತಗೊಂಡೆ, ಇವತ್ತು ಮಂಗಳವಾರ ಅಲ್ಲ. ಕೂತ್ಕೋ. ಧೂಳು ಆಮೇಲೆ ನೋಡೋಣ.

ಕಿಟಕಿ ಪಕ್ಕದ್ದು ಬೇಡ. ಅದನ್ನ ನಾನೇ ಒರೆಸ್ತೀನಿ ಯಾವಾಗಲೂ. ಬೀಗದ ಕೈ ಅದರಲ್ಲೇ ಬಿಟ್ಟಿದ್ನಾ... ಪರವಾಗಿಲ್ಲ, ಹಾಗೇ ಮುಚ್ಚಿಬಿಡು. ಗಾಜು ತೆರೀಬೇಡ, ನುಸಿ ಸೇರ್ಕೊಳ್ಳುತ್ತೆ. ಉಣ್ಣೆಗೆ ನುಸಿ ಅಂದ್ರೆ ಬೆಂಕಿ ಇದ್ದ ಹಾಗೆ. ಆ ಶಾಲು ಇದ್ದ ಹಾಗೇ ಇರಲಿ. ಹೂವು ಮುಂದುಗಡೆ ಕಾಣಲಿ ಅಂತ ಅಳತೆ ನೋಡಿ ಹಾಕಿದೀನಿ.

ಝಾನ್ನಾ. ಶಾಲು ಎತ್ತಬೇಡ ಅಂದೆ.

...ಅದು ಕಲೆ. ತೇವದ ಕಲೆ. ಹಳೇ ಮನೇಲಿ ಗೋಡೆ ಸೋರ್ತಿತ್ತು.

ಹಾಗೆ ನೋಡಬೇಡ. ಕಲೆ ಚೌಕವಾಗಿ ಬೀಳೋದುಂಟಾ ಅಂತ ತಾನೆ? ಜೇಬು. ಅಲ್ಲಿ ಒಂದು ಜೇಬಿತ್ತು, ಕಿತ್ತುಬಂತು. ಜೇಬಿದ್ದ ಜಾಗ ಬಣ್ಣ ಮಾಸಿಲ್ಲ, ಸುತ್ತ ಎಲ್ಲ ಮಾಸಿದೆ. ಸೂಜಿ ತೂತೂ ಕಾಣುತ್ತೆ. ಅಷ್ಟೆ. ಬಲಗಡೆ ಎದೆ ಮೇಲೆ ಜೇಬು ಯಾರು ಇಡ್ತಾರೆ ಅಂತ ಕೇಳು. ಕೇಳಿಬಿಡು.

ಇನ್ನೂ ಹತ್ರ ಬಗ್ಗಬೇಡ.

ಅಂಗೈ ಹಾಗೆ ಅದರ ಮೇಲೆ ಇಡಬೇಡ ಝಾನ್ನಾ, ದಮ್ಮಯ್ಯ ಅಂತೀನಿ... ನಿನಗೆ ಗೊತ್ತು. ನೋಡಿದ ತಕ್ಷಣ ಗೊತ್ತಾಯ್ತು. ಇವತ್ತಲ್ಲ, ಧೂಳು ಹೊಡೆಯೋಕೆ ಬಂದ ಮೊದಲ ಮಂಗಳವಾರವೇ ಶಾಲಿನ ಅಂಚಲ್ಲಿ ಕಂಡು ಗೊತ್ತಾಗಿರಬೇಕು. ನಿಮ್ಮ ಕಡೆ ಮನೆಮನೇಲೂ ಒಬ್ಬ ಅಜ್ಜಿ ಎದೆ ಮೇಲೆ ಇತ್ತಲ್ಲ ಅದು. ನೀಲಿ ಬಟ್ಟೆ ಚೂರು, ಬಿಳೀ ಅಕ್ಷರ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ದುಡಿಸ್ಕೊಳ್ಳೋಕೆ ಅಂತ ಪೂರ್ವದಿಂದ ರೈಲಿಗೆ ತುಂಬ್ಕೊಂಡು ಹೋದೋರಿಗೆ ಹೊಲಿಸ್ತಿದ್ದದ್ದು. ಪೂರ್ವದೋರಿಗೆ. ಟೆರ್ನೋಪಿಲ್‌ನೋರಿಗೆ ಅದು ಇರ್ಲಿಲ್ಲ.

ಹೂಂ. ಅದೇ.

ನಮ್ಮಮ್ಮ ಟೆರ್ನೋಪಿಲ್ ನೋಡೇ ಇಲ್ಲ. ಜೀವನದಲ್ಲಿ ಒಂದು ಸಲಾನೂ ಇಲ್ಲ.

ಯುದ್ಧ ಮುಗೀತು. ಅಮ್ಮ ಇದ್ದ ಕ್ಯಾಂಪಿಗೆ ಸೋವಿಯತ್ ಅಧಿಕಾರಿಗಳು ಲಾರಿ ತಂದ್ರು, ಪೂರ್ವದೋರನ್ನೆಲ್ಲ ವಾಪಸ್ ಒಯ್ಯೋಕೆ. ಬಲವಂತಕ್ಕೆ. ವಾಪಸ್ ಹೋದ್ರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಶತ್ರುವಿಗೆ ದುಡಿದೋಳು ಅಂತ ಸೀದಾ ಇನ್ನೊಂದು ಕ್ಯಾಂಪಿಗೆ. ಯುದ್ಧಕ್ಕೆ ಮುಂಚೆ ಪಶ್ಚಿಮದ ಕಡೆ ಪೋಲೆಂಡಿಗೆ ಸೇರಿತ್ತು, ಹಾಗಾಗಿ ಪಶ್ಚಿಮದೋರು ಪೋಲೆಂಡಿನ ಪ್ರಜೆಗಳು, ಅವರು ಉಳೀಬಹುದು. ಅಮ್ಮನ ಪಕ್ಕದ ಮಂಚದಲ್ಲಿ ಟೆರ್ನೋಪಿಲ್ ಹುಡುಗಿ ಒಬ್ಬಳಿದ್ದಳಂತೆ. ಅವಳು ತನ್ನೂರನ್ನ ಅಮ್ಮನಿಗೆ ಕೊಟ್ಟಳು. ಚರ್ಚು ಯಾವ ಕಡೆ, ಬಾವಿ ಯಾವ ಕಡೆ, ಪಾದ್ರಿ ಹೆಸರೇನು, ಆಲೂಗಡ್ಡೆಗೆ ಏನಂತಾರೆ, ನಾಯಿ ಕರೆಯೋದು ಹೇಗೆ. ಅಮ್ಮ ಎಲ್ಲ ಬಾಯಿಪಾಠ ಮಾಡಿದ್ಲು. ಆ ಬಟ್ಟೆ ಚೂರು ಬಿಚ್ಚಿ ಒಲೆಗೆ ಹಾಕಿದ್ಲು. ಅಧಿಕಾರಿ ಮುಂದೆ ನಿಂತು ಒಂದು ಪದಾನೂ ಎಡವದೆ ಪಾಠ ಒಪ್ಪಿಸಿದ್ಲು.

ಆ ಪಾಠವೇ ನನಗೆ ಕಲಿಸಿದ್ದು. ನಾನು ಉಳಿಸ್ಕೊಂಡಿದೀನಿ ಅಂತ ಜಂಬ ಕೊಚ್ಚಿದ್ನಲ್ಲ ಈಗ ತಾನೆ, ನಿನ್ನದು ನೀರು ಬೆರೆಸಿದ ಹಾಲು ಅಂದ್ನಲ್ಲ. ಈ ಮಾತು ನಮ್ಮಮ್ಮನದಲ್ಲ. ಪಕ್ಕದ ಮಂಚದೋಳದ್ದು. ಅವಳ ಹೆಸರೂ ಗೊತ್ತಿಲ್ಲ ನನಗೆ.

ಇಲ್ಲ, ನನಗೊಬ್ಬಳಿಗೆ ಇಷ್ಟು ಪಿಸುಗುಟ್ಟಿದ್ದು ಬಿಟ್ರೆ, ತನ್ನ ನಿಜವಾದ ಊರು ಯಾವುದು ಅಂತ ಇಂಗ್ಲೆಂಡಿಗೆ ಬಂದ ಮೇಲೂ ಹೇಳಲಿಲ್ಲ. ಯಾರಿಗೂ. ಬಾಗಿಲು ತಟ್ಟಿದ್ರೆ ನನ್ನ ಮಾತು ನಿಲ್ಲಿಸಿ ಕಿವಿ ಕೊಡ್ತಿದ್ಲು, ಲಾರಿ ಬಂತೇನೋ ಅನ್ನೋ ಹಾಗೆ. ಆಸ್ಪತ್ರೆ ಹಾಸಿಗೇಲಿ, ಕೊನೆಗೆ, ಒಂದೇ ಮಾತು. ‘ನಮ್ಮೂರಿನ ಹೊಳೆ ಡೊನೆಟ್ಸ್.’ ಊರ ಹೆಸರು ಕೇಳ್ದೆ. ಬಾಗಿಲ ಕಡೆ ನೋಡಿದ್ಲು, ನರ್ಸ್ ನಿಂತಿದ್ಲು, ಬಾಯಿ ಮುಚ್ಕೊಂಡ್ಲು. ಆಮೇಲೆ ಕೇಳೋಕೆ ಅವಳು ಸಿಗಲಿಲ್ಲ.

ನಾನು ಬಂದು ಈ ಚೀಟಿ ಬರೆದೆ. ‘ಪೆಲಾಹಿಯಾ, ಟೆರ್ನೋಪಿಲ್ ಪ್ರಾಂತ್ಯ.’ ನನ್ನ ಕೈಯಾರೆ. ನಿಜ ಬರೆದ್ರೆ ಜನ ಆ ಚೌಕ ಒಂದನ್ನೇ ನೋಡ್ತಾರೆ ಅಂತ ಶಾಲು ಹಾಕ್ದೆ. ಅವಳು ಹಾಡ್ತಾ ಬಟ್ಟೆ ಹಿಂಡ್ತಿದ್ದದ್ದು, ಪಕ್ಕದ ಮನೆಯೋಳ ನಡಿಗೆ ಅಣಕಿಸಿ ನಮ್ಮನ್ನ ನಗಿಸ್ತಿದ್ದದ್ದು, ಯಾವುದೂ ಯಾರಿಗೂ ಬೇಕಾಗಲ್ಲ. ಅಯ್ಯೋ ಪಾಪ ಅಂತಾರೆ, ಮುಂದಿನ ಪೆಟ್ಟಿಗೆಗೆ ಹೋಗ್ತಾರೆ.

...ನಿಮ್ಮಮ್ಮನ ಚೀಟಿಗೆ ನಾನು ಮಾಡಿದ್ದೂ ಅದೇ. ಗೊತ್ತಾಗ್ತಿದೆ. ಹೇಳಬೇಡ.

ಸೆವೆರಿನ್ ಹತ್ರ ನಾನು ಮಾತಾಡ್ತೀನಿ. ಪೆಟ್ಟಿಗೆ ಖಾಲಿ ಇರಲಿ ಭಾನುವಾರ. ಮೇಯರ್ ಗಾಜು ನೋಡ್ಕೊಂಡು ಹೋಗ್ಲಿ. ಆ ಜಾಡಿ ಎತ್ಕೋ, ಚೀಲಕ್ಕೆ ಹಾಕ್ಕೋ. ನಾನಿನ್ನು ಕೇಳಲ್ಲ.

ಏನು ನೋಡ್ತಿದೀಯ ಮತ್ತೆ? ಇನ್ನೇನು ಉಳಿದಿದೆ ಹೇಳೋಕೆ... 

ಹೌದು. ಪೆಟ್ಟಿಗೆಗಲ್ಲ. ಪೆಟ್ಟಿಗೆಗೆ ಅಂತ ಕೇಳಿದ್ದಲ್ಲ, ಸಾಕಾ? ನೀನು ಮೊದಲ ದಿನ ಕೆಳಗಡೆ ಚಹಾ ಕುಡೀತಾ ಅಂದೆ, ನಮ್ಮದು ಇಜ್ಯೂಮ್, ಡೊನೆಟ್ಸ್ ದಂಡೆ ಮೇಲೆ ಅಂತ. ನಾನು ಕೈಲಿದ್ದ ತಟ್ಟೆ ಅಲ್ಲೇ ಇಟ್ಟು ಮೇಲೆ ಬಂದುಬಿಟ್ಟೆ. ನಿನ್ನ ಹತ್ರ ಬಂದು ಕೂತ್ಕೊಂಡು ಕೇಳಬೇಕಿತ್ತು, ಕೇಳೋಕೆ ಹೋದ್ರೆ ಯಾಕೆ ಅಂತ ಹೇಳಬೇಕಾಗುತ್ತೆ. ಅದಕ್ಕೆ ಜಾಡಿ ಕೊಡು, ಜಾಡಿ ಕೊಡು ಅಂತ ಜೀವ ತಿಂದೆ. ಆ ಹೊಳೆ ದಂಡೆಯಿಂದ ಬಂದ ಒಂದು ವಸ್ತು, ದಿನಾ ನೋಡೋಕೆ. ಅಷ್ಟೇ ಇದ್ದದ್ದು.

ಕೂತ್ಕೋ ಬಾ. ಶಾಲು ಅಲ್ಲೇ ಕೆಳಗಡೆ ಇಡು, ಮತ್ತೆ ಹೊದಿಸಬೇಡ. ನಾನು ಬರ್ಕೊಳ್ಳಲ್ಲ, ಪೆನ್ನು ಆ ಕಡೆ ಇಟ್ಟೆ ನೋಡು. ನೀನು ನಿನ್ನ ಮಾತಲ್ಲೇ ಹೇಳು, ನಾನು ತಿದ್ದಲ್ಲ. ಒಂದೇ ಒಂದು ಕೇಳ್ತೀನಿ, ಆಮೇಲೆ ನನ್ನ ಬಾಯಿ ಮುಚ್ಚಿರುತ್ತೆ. ಇಲ್ಲಿ ಕ್ಲಬ್ಬಿನ ಹೆಂಗಸರೆಲ್ಲ ಪಾಕ ಮಾಡೋವಾಗ ಚೆರ್ರಿ ಬೀಜ ತೆಗೀತಾರೆ. ನಮ್ಮಮ್ಮ ಒಬ್ಬಳೇ ತೆಗೀತಿರಲಿಲ್ಲ. ಎಲ್ಲ ಬಯ್ಯೋರು, ಸೋಮಾರಿ ಅಂತ, ಹಲ್ಲು ಮುರಿಯುತ್ತೆ ಅಂತ. ನಾನೂ ಬಯ್ತಿದ್ದೆ.

ನಿಮ್ಮಮ್ಮ ತೆಗೀತಿದ್ದಳಾ ಝಾನ್ನಾ, ಹಾಗೇ ಇಡೀದು ಹಾಕ್ತಿದ್ದಳಾ?